ನೆಲಮಾಳಿಗೆಯ ಬ್ಯಾಂಡಿಗೆ ಕೊಟ್ಟ ಪೇಟಿ

ನಾವಿದ್ದ ಬಾಡಿಗೆ ಕಟ್ಟಡದ ನೆಲಮಾಳಿಗೆಯಲ್ಲಿ ಗುರುವಾರ ಸಂಜೆ ಏನೋ ನಡೆಯುತ್ತಿದೆ ಎಂದು ಮೊದಲು ಪತ್ತೆ ಹಚ್ಚಿದವಳು ನಾನೇ. ನನ್ನ ಗಂಡನಿಗೆ ಅಂಥ ಬುದ್ಧಿ ಇಲ್ಲ. ಬೆಳಿಗ್ಗೆ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಹೋಗಿ ಸಂಜೆ ತಿರುಗಿ ಬರುವ ಆತನಿಗೆ ಎದುರು ಮನೆಯಲ್ಲಿ ಯಾರಿದ್ದಾರೆ ಎಂಬುದೂ ಗೊತ್ತಿರಲಿಲ್ಲ. ನಾನು ಹಾಗಲ್ಲ. ಸಂಶಯ ನನ್ನ ಹುಟ್ಟುಗುಣ. ಹುಬ್ಬಳ್ಳಿಯಲ್ಲಿ ತೂಕದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿಯೇ ಕಾಯಿಪಲ್ಲೆ ತರುತ್ತಿದ್ದವಳು ಡ್ರೆಸ್ಡೆನ್ನಿಗೆ ಬಂದ ಮಾತ್ರಕ್ಕೆ ಎಲ್ಲರನ್ನೂ ನಂಬಲು ಆಗುತ್ತದೆಯೇ?

ಅದು ಗ್ರೀನ್ ಕಾರ್ಡಿನ ಕಾಲ. ಕಂಪ್ಯೂಟರ್ ಬಲ್ಲವರು ಬನ್ನಿ ಎಂದು ಜರ್ಮನಿ ಕರೆದಿತ್ತು, ನಾವು ಬಂದಿದ್ದೆವು. ಆದರೆ ಎಲ್ಲರೂ ಒಂದೇ ಮನಸ್ಸಿನಿಂದ ಕರೆದಿಲ್ಲ ಎಂಬುದು ಬಂದ ವಾರದಲ್ಲೇ ತಿಳಿಯಿತು. ನಮಗಿಂತ ಆರು ತಿಂಗಳು ಮೊದಲು ಬಂದಿದ್ದ ಮೈಸೂರಿನ ದಂಪತಿ ನಮ್ಮನ್ನು ಊಟಕ್ಕೆ ಕರೆದು, ಬಿಸಿಬೇಳೆಬಾತಿನ ಜೊತೆಗೆ ಎಚ್ಚರಿಕೆಗಳನ್ನೂ ಬಡಿಸಿದರು. ಕತ್ತಲಾದ ಮೇಲೆ ಟ್ರಾಮಿನ ಹಿಂದಿನ ಡಬ್ಬಿ ಬೇಡ. ತಲೆ ಬೋಳಿಸಿಕೊಂಡು, ದಪ್ಪ ಬೂಟು ಹಾಕಿ, ಪ್ಯಾಂಟಿಗೆ ಸಸ್ಪೆಂಡರ್ ಕಟ್ಟಿಕೊಂಡವರು ಕಂಡರೆ ರಸ್ತೆ ದಾಟಿಬಿಡಿ, ಪರದೇಶಿಗಳನ್ನು ಹಿಡಿದು ಬಡಿಯುವ ಗುಂಪು ಅದು. ನಾನು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ನನಗಿನ್ನೂ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ವಾರಕ್ಕೆ ಮೂರು ದಿನ ಜರ್ಮನ್ ಕ್ಲಾಸು, ಉಳಿದಂತೆ ಅಂಗಳದ ಕಡೆಯ ಕಿಟಕಿ.

ಗುರುವಾರ ಐದೂವರೆಗೆ ಅವರು ಬರುತ್ತಿದ್ದರು. ಮೊದಲು ಕೆಳಗಿನ ಅಂತಸ್ತಿನ ಮನೆಯಲ್ಲಿದ್ದ ಮೀಸೆಯ ಮನುಷ್ಯ ಅಂಗಳದ ಬಾಗಿಲು ತೆರೆದಿಟ್ಟು ಅತ್ತಿತ್ತ ನೋಡುತ್ತಿದ್ದ. ಆಮೇಲೆ ಒಬ್ಬ ಬರುತ್ತಿದ್ದ: ನುಣ್ಣನೆಯ ತಲೆ, ದಪ್ಪ ಬೂಟು, ಕೆಂಪು ಸಸ್ಪೆಂಡರ್, ಕಂಕುಳಲ್ಲಿ ಕಂಬಳಿ ಸುತ್ತಿದ ದೊಡ್ಡ ತಗಡು. ಅವನ ಹಿಂದೆ ಉದ್ದನೆಯ ಕರಿ ಪೆಟ್ಟಿಗೆ ಹೊತ್ತ ಇನ್ನೊಬ್ಬ. ಕೊನೆಗೆ ಸಣ್ಣ ಪೆಟ್ಟಿಗೆಯ ಒಬ್ಬ ಹೆಂಗಸು. ನಾಲ್ವರೂ ಮೆಟ್ಟಿಲಿಳಿದು ಕೆಲ್ಲರಿಗೆ, ಅಂದರೆ ನೆಲಮಾಳಿಗೆಗೆ, ಹೋದರೆ ಬಾಗಿಲು ಮುಚ್ಚುತ್ತಿತ್ತು.

"ರೀ, ಕೆಳಗ ಏನೋ ನಡದದ," ಎಂದೆ ಗಂಡನಿಗೆ. "ದರಾ ಗುರುವಾರ ಬರ್ತಾರ. ಪೆಟಿಗಿ ತರ್ತಾರ."

"ಪೆಟಿಗಿ ತಂದ್ರ ಏನಾತು? ನಾವೂ ನಾಲ್ಕು ಪೆಟಿಗಿ ತಂದೇವಿ."

"ನಮ್ಮ ಪೆಟಿಗ್ಯಾಗ ಶೇಂಗಾ ಚಟ್ನಿ ಇತ್ತು. ಅವರ ಪೆಟಿಗ್ಯಾಗ ಏನದ ಅಂತ ನಿಮಗ ಗೊತ್ತದ ಏನು?"

ಆತ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಇಂಥವರನ್ನು ನಂಬಿ ಪರದೇಶಕ್ಕೆ ಬಂದೆನಲ್ಲ ಎಂದು ಹೊಟ್ಟೆ ಉರಿಯಿತು. ಮುಂದಿನ ಗುರುವಾರ ಕಸದ ಬಕೀಟನ್ನು ನೆಪಕ್ಕೆ ಹಿಡಿದು ನಾನೇ ಕೆಳಗಿಳಿದೆ. ಅಂಗಳದ ಕಸದ ಡಬ್ಬಿಗಳ ಹತ್ತಿರ ನಿಂತರೆ ಕೆಲ್ಲರಿನ ಕಿಂಡಿ ನನ್ನ ಮೊಣಕಾಲಿನ ಎತ್ತರಕ್ಕೆ ಬರುತ್ತಿತ್ತು. ಅದರೊಳಗಿಂದ ಬಂದ ದನಿ ಕೇಳಿ ಅಲ್ಲೇ ನಿಂತುಬಿಟ್ಟೆ. ಹೆದರಿಕೆಯಿಂದಲ್ಲ. ಅದು ರೀಡಿನ ದನಿ. ಗಾಳಿ ತಾಗಿ ಹಿತ್ತಾಳೆಯೋ ಉಕ್ಕೋ ನಡುಗುವ ದನಿ. ಅದನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಅಪ್ಪ ನಲವತ್ತು ವರ್ಷ ಪೇಟಿ ರಿಪೇರಿ ಮಾಡಿದವರು.

ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ನಾಟಕ ಕಂಪನಿಗಳವರು, ಭಜನಾ ಮಂಡಳಿಯವರು, ಸಂಗೀತ ಕಲಿಸುವ ಮಾಸ್ತರರು, ಎಲ್ಲರ ಪೇಟಿಗಳೂ ನಮ್ಮ ಪಡಸಾಲೆಗೆ ಬರುತ್ತಿದ್ದವು. ಅವುಗಳಲ್ಲಿ ಕೆಲವು ಹಳೆಯ ಪೇಟಿಗಳ ಒಳಗೆ ಜರ್ಮನ್ ರೀಡು ಇರುತ್ತಿತ್ತು. ಯುದ್ಧಕ್ಕೂ ಮುಂಚೆ ಹಡಗಿನಲ್ಲಿ ಬಂದದ್ದು, ಈಗ ಹುಡುಕಿದರೂ ಸಿಗದ್ದು. ಅಂಥದ್ದನ್ನು ರಿಪೇರಿಗೆ ಕೊಟ್ಟರೆ ಒಳಗಿನ ರೀಡು ಎಗರಿಸಿ ಬೇರೆ ಹಾಕಿ ಕೊಡುವವರು ಊರೂರಿಗೂ ಇದ್ದರು. ಹಾಗೆ ಮೋಸಹೋದ ಭಜನೆಯ ಮುದುಕರೊಬ್ಬರು ನಮ್ಮ ಪಡಸಾಲೆಯಲ್ಲಿ ಕುಳಿತು ಮಕ್ಕಳಂತೆ ಅತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಅಪ್ಪನದು ಒಂದು ಪದ್ಧತಿ. ಪೇಟಿ ತೆರೆಯುವಾಗ ಮಾಲೀಕ ಮುಂದೆ ಕುಳಿತಿರಬೇಕು. ಆತ ಚಹಾ ಕುಡಿಯಲು ಎದ್ದರೆ ಅಪ್ಪ ಮುಚ್ಚಳ ಮುಚ್ಚಿಬಿಡುತ್ತಿದ್ದರು. ಮಾಲೀಕನ ಎದುರಿಗಲ್ಲದೆ ಅವರು ಒಂದು ಸ್ಕ್ರೂ ಕೂಡ ತಿರುಗಿಸಿದವರಲ್ಲ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ರಿಪೇರಿಯ ಸಾಮಾನನ್ನೆಲ್ಲ ಮಾರಿಬಿಟ್ಟ. ಉಳಿದದ್ದು ಒಂದೇ ಪೇಟಿ, ಜರ್ಮನ್ ರೀಡಿನದು. ಕೊನೆಯ ವರ್ಷ ಕೈ ನಡುಗುತ್ತಿದ್ದಾಗಲೂ ಅಪ್ಪ ದಿನಕ್ಕೊಂದು ರೀಡಿನಂತೆ ಅದರ ನಡುವಿನ ಸಪ್ತಕವನ್ನು ನನಗಾಗಿ ಶ್ರುತಿ ಮಾಡಿದ್ದು; ಮಿಕ್ಕ ಸಪ್ತಕಗಳನ್ನು ಮುಟ್ಟಲು ಅವರಿಗೆ ದಿನ ಉಳಿಯಲಿಲ್ಲ. ಬಿಳಿ ಒಂದನ್ನು, ಅಂದರೆ ಮೊದಲ ಬಿಳಿ ಪಟ್ಟಿಯನ್ನು, ಷಡ್ಜ ಮಾಡಿಕೊಂಡು ಹಾಡಿದರೆ ಅದರ ಗಾಂಧಾರ ಮಾರುಕಟ್ಟೆಯ ಪೇಟಿಗಳಿಗಿಂತ ಒಂದು ಕೂದಲೆಳೆಯಷ್ಟು ಕೆಳಗೆ, ತಂಬೂರಿಯೊಳಗಿಂದ ಕೇಳುವ ಗಾಂಧಾರದ ಹತ್ತಿರ ಕೂರುತ್ತಿತ್ತು. ಅಪ್ಪನ ಫೋಟೋ ನಮ್ಮಲ್ಲಿ ಎರಡೇ ಇದ್ದವು, ಎರಡರಲ್ಲೂ ಅವರು ಅವರಂತೆ ಕಾಣುತ್ತಿರಲಿಲ್ಲ. ಆ ಗಾಂಧಾರ ಒತ್ತಿದರೆ ಮಾತ್ರ ಅಪ್ಪ ಇದ್ದರು. ಅದಕ್ಕಾಗಿಯೇ ನಾನು ಅಕ್ಕಿ, ಬೇಳೆ, ಎರಡು ರೇಷ್ಮೆ ಸೀರೆ ಬಿಟ್ಟು ಆ ಪೇಟಿಯನ್ನು ವಿಮಾನದಲ್ಲಿ ತಂದಿದ್ದೆ.

ಕಿಂಡಿಯ ಹತ್ತಿರ ಬಕೀಟು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಬಾಗಿಲು ತೆರೆದು ಆ ನುಣ್ಣನೆಯ ತಲೆಯವನೇ ಹೊರಗೆ ಬಂದ. ಅವನ ಎದೆಗೆ ಅಂಗಿಯಂತೆ ತಗಡು ತೊಡಿಸಿತ್ತು. ಭುಜದಿಂದ ಹೊಟ್ಟೆಯವರೆಗೂ ಮಡಿಕೆ ಮಡಿಕೆಯಾದ ತಗಡು, ಎರಡೂ ಕೈಯಲ್ಲಿ ಚಮಚ. ಅವನು ನಕ್ಕು ಒಳಗೆ ಬನ್ನಿ ಎಂಬಂತೆ ಚಮಚವನ್ನೇ ಬೀಸಿದ. ಚಮಚ ಹಿಡಿದವನು ಏನು ಮಾಡಿಯಾನು ಎಂದುಕೊಂಡು, ಬಕೀಟನ್ನು ಮಾತ್ರ ಗಟ್ಟಿಯಾಗಿ ಹಿಡಿದು ಒಳಗೆ ಹೋದೆ.

ಅದು ಬ್ಯಾಂಡು. ಮೀಸೆಯ ಮನುಷ್ಯನ ತೊಡೆಯ ಮೇಲೆ ಒಂದು ಪುಟ್ಟ ಅಕಾರ್ಡಿಯನ್, ಒಂದು ಕಡೆಗೆ ಹತ್ತೇ ಗುಂಡಿ. ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಉದ್ದ ಪೆಟ್ಟಿಗೆಯವನದು ಗಿಟಾರು. ಹೆಂಗಸಿನದು ಪಿಟೀಲು, ಅಕಾರ್ಡಿಯನ್ನಿಗೆ ಹೊಂದಲೆಂದು ತಂತಿಗಳನ್ನೆಲ್ಲ ಕೆಳಗಿಳಿಸಿ ಕಟ್ಟಿದ್ದು. ಆಕೆ ಶಾಲೆಯಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಕಲಿಸುವ ಟೀಚರ್, ಹಾಡುವವಳೂ ಅವಳೇ. ನನ್ನ ಅರ್ಧಂಬರ್ಧ ಜರ್ಮನ್ ಕೇಳಿ ಇಂಗ್ಲಿಷಿನಲ್ಲಿ ವಿವರಿಸಿದಳು. ಅಮೆರಿಕದ ದಕ್ಷಿಣದಲ್ಲಿ ಲೂಯಿಸಿಯಾನ ಎಂಬ ಜವುಗು ನೆಲ. ಕೆನಡಾದಿಂದ ಓಡಿಸಲ್ಪಟ್ಟ ಫ್ರೆಂಚ್ ರೈತರು ಅಲ್ಲಿ ಬಂದು ನೆಲೆಸಿ ಕೇಜನ್ನರಾದರು. ಅದೇ ಹಳ್ಳಿಗಳಲ್ಲಿ ಫ್ರೆಂಚ್ ಮಾತಾಡುತ್ತಿದ್ದ ಕಪ್ಪು ಜನ ಕ್ರಿಯೋಲರು. ಶನಿವಾರ ಒಂದು ಮನೆಯ ಮಂಚ ಮೇಜು ಹೊರಗಿಟ್ಟು ಕುಣಿಯುತ್ತಿದ್ದರಂತೆ. ಆ ಕುಣಿತದ ಹಾಡುಗಳು ಇವು. ತಗಡು ಕೆರೆಯುವುದು ಕ್ರಿಯೋಲರ ಪದ್ಧತಿ, ಮೊದಮೊದಲು ಬಟ್ಟೆ ಒಗೆಯುವ ಹಲಗೆಯನ್ನೇ ಕೆರೆಯುತ್ತಿದ್ದರಂತೆ.

ನನಗೆ ಒಂದಕ್ಷರವೂ ನಂಬಿಕೆ ಬರಲಿಲ್ಲ. ಜರ್ಮನಿಯ ಈ ಮೂಲೆಯಲ್ಲಿ, ಅಮೆರಿಕದ ಮುಖವನ್ನೇ ನೋಡದ ನಾಲ್ಕು ಜನ, ತಮ್ಮದಲ್ಲದ ಭಾಷೆಯಲ್ಲಿ, ಯಾರದೋ ಜವುಗು ನೆಲದ ಹಾಡನ್ನು ಯಾಕೆ ಹಾಡಬೇಕು? ಕೇಳಿಯೇಬಿಟ್ಟೆ. ಟೀಚರ್ ಅದನ್ನು ಜರ್ಮನ್ನಿನಲ್ಲಿ ಮೀಸೆಯವರಿಗೆ ದಾಟಿಸಿದಳು. ಅವರು ಬಹಳ ಹೊತ್ತು ಮಾತಾಡಿದರು. ಆಕೆ ನನಗೆ ಹೇಳಿದ್ದು ಎರಡೇ ವಾಕ್ಯ.

"ಆ ಜನರಿಗೆ ಮೊದಲ ಅಕಾರ್ಡಿಯನ್ ಹೋದದ್ದು ಇಲ್ಲಿಂದ. ಇವರ ಅಜ್ಜ ದಕ್ಷಿಣದ ಬೆಟ್ಟದೂರಿನಲ್ಲಿ ಅದರ ರೀಡು ತಯಾರಿಸುತ್ತಿದ್ದರಂತೆ."

ಉಳಿದ ಮಾತು ಎಲ್ಲಿ ಹೋಯಿತು ಎಂದು ನನಗೆ ಅನುಮಾನ. ಕುಡಿಯಲು ಏನೋ ಕೊಟ್ಟರು, ಮೂಸಿ ನೋಡಿದೆ, ಸೇಬಿನ ರಸ. ಕೇಕು ಕೊಟ್ಟರು, ತತ್ತಿ ಇದೆಯೇ ಎಂದು ಕೇಳಿ ತಿರುಗಿ ಕೊಟ್ಟೆ. ಅಷ್ಟರಲ್ಲಿ ಮೀಸೆಯವರು ಗಾಳಿ ಎಳೆದು ಮೂರರ ನಡೆಯ ಒಂದು ಹಾಡು ಶುರುಮಾಡಿದರು. ನಮ್ಮ ದಾದರಾ ತಾಳದಂತೆ ತೂಗುವ ನಡೆ. ಟೀಚರ್ ಗಂಟಲು ಬಿಚ್ಚಿ ಅಳುವಂತೆ ಹಾಡಿದಳು. ಅಕಾರ್ಡಿಯನ್ನಿನ ಗಾಂಧಾರ ಬಂತು. ಒಂದು ಕೂದಲೆಳೆಯಷ್ಟು ಕೆಳಗೆ. ನನ್ನ ಕೈಯಲ್ಲಿದ್ದ ಬಕೀಟು ತಾನಾಗಿ ನೆಲಕ್ಕೆ ಕುಳಿತಿತು.

ಅಂದಿನಿಂದ ಗುರುವಾರ ಐದೂವರೆಗೆ ನಮ್ಮ ಮನೆಯಲ್ಲಿ ಕಸ ತುಂಬಿರಲಿ ಬಿಡಲಿ ನಾನು ಅಂಗಳಕ್ಕೆ ಇಳಿಯುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ. ಕಿಂಡಿಯ ಹತ್ತಿರ ನಿಂತು ಕೇಳಿ, ಅವರು ಎದ್ದು ಬರುವ ಮೊದಲೇ ಮೇಲೆ ಬಂದುಬಿಡುತ್ತಿದ್ದೆ.

ಚಳಿಗಾಲ ಬಂತು. ಹೀಟರಿನ ಒಣ ಗಾಳಿಗೆ ನನ್ನ ತುಟಿ ಒಡೆದಂತೆ ಪೇಟಿಯ ಹಲಗೆಯೂ ಬಿರಿಯಿತು. ಒಂದು ಬೆಳಿಗ್ಗೆ ಭಾತೆ, ಅಂದರೆ ಗಾಳಿ ಒತ್ತುವ ತಿದಿ, ಹಾಕಿದರೆ ಎರಡು ಸ್ವರ ಮುಟ್ಟದೆಯೇ ಕೂಗತೊಡಗಿದವು, ಮಿಕ್ಕವು ಗಾಳಿ ಸಾಲದೆ ಏದುಸಿರು ಬಿಟ್ಟವು. ನಾನು ಪೇಟಿಯ ಮುಂದೆ ಕುಳಿತು ಅತ್ತೆ. ಅಪ್ಪ ರಿಪೇರಿಯನ್ನು ಅಣ್ಣನಿಗೆ ಕಲಿಸಿದ್ದರು, ನನಗಲ್ಲ. ನಾನು ದೀಪ ಹಿಡಿದು ನೋಡಿದವಳು ಅಷ್ಟೇ.

"ಕೆಳಗ ಆ ಮೀಸಿ ಅಜ್ಜ ಅಕಾರ್ಡಿಯನ್ ರಿಪೇರಿನೂ ಮಾಡ್ತಾರಂತ," ಎಂದ ಗಂಡ. "ಒಂದ್ಸಲ ತೋರಿಸೂಣೇನು?"

"ಗುರುತಿಲ್ಲದವರ ಕೈಯಾಗ ಜರ್ಮನ್ ರೀಡಿನ ಪೇಟಿ ಕೊಡೂದ?"

"ಅವರು ಜರ್ಮನ್‌ರ ಇದ್ದಾರಲ್ಲ. ಅವರಿಗೆ ಜರ್ಮನ್ ರೀಡ್ ಏನ್ ಕಡಿಮಿ?"

"ಅದಕ್ಕ ಹೆಚ್ಚು ಹೆದರಿಕಿ. ಅದರ ಬೆಲೆ ಅವರಿಗೇ ಗೊತ್ತಿರತದ."

"ನಿನಗ ದೇವರ ಮ್ಯಾಲೂ ಡೌಟು," ಎಂದು ಆತ ಸಾಕ್ಸ್ ಹಾಕಿಕೊಂಡು ಕೆಳಗೆ ಹೋಗಿ ಅವರನ್ನು ಕರೆದೇ ತಂದ. ಜೊತೆಗೆ ಟೀಚರೂ ಬಂದಳು.

ಮೀಸೆಯವರು ಬಾಗಿಲಲ್ಲೇ ಬೂಟು ಕಳಚಿದರು. ಪೇಟಿಯ ಮುಂದೆ ನೆಲಕ್ಕೆ ಕುಳಿತು ಎಡಗೈಯಿಂದ ಭಾತೆ ಒತ್ತಿ ಒಂದೊಂದೇ ಸ್ವರ ಕೇಳಿದರು. ಗಾಂಧಾರಕ್ಕೆ ಬಂದಾಗ ಬೆರಳು ನಿಲ್ಲಿಸಿದರು. ಪಂಚಮದ ಜೊತೆ ಕೇಳಿದರು, ಷಡ್ಜದ ಜೊತೆ ಕೇಳಿದರು. ಕಣ್ಣು ಮುಚ್ಚಿದರು.

"ಯಾರು ಇದನ್ನು ಶ್ರುತಿ ಮಾಡಿದವರು ಎಂದು ಕೇಳುತ್ತಿದ್ದಾರೆ," ಎಂದಳು ಟೀಚರ್.

"ನನ್ನ ತಂದೆ."

"ತನಗೂ ಹೀಗೇ ಬೇಕು ಅನ್ನುತ್ತಾರೆ. ಲೂಯಿಸಿಯಾನದವರೂ ಮೂರನೆಯ ಸ್ವರವನ್ನು ಹೀಗೆ ಇಳಿಸುತ್ತಾರಂತೆ. ಇಲ್ಲಿಯ ಜನ ತನ್ನ ಅಕಾರ್ಡಿಯನ್ ಕೆಟ್ಟಿದೆ ಅನ್ನುತ್ತಾರಂತೆ."

ಕೊಳ್ಳಲು ಬಂದವರು ಎಮ್ಮೆಯನ್ನು ಹೀಗೆಯೇ ಹೊಗಳುತ್ತಾರೆ ಎಂದು ಅನ್ನಿಸಿತು ನನಗೆ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು: ಒಂದು ವಾರ ತಮ್ಮ ಬಳಿ ಬಿಡಬೇಕು. ಹಲಗೆಗೆ ಅಂಟು ಹಾಕಿ ಬಿಗಿಹಿಡಿದು ಒಣಗಿಸಬೇಕು, ಚರ್ಮ ಬದಲಿಸಬೇಕು. ಹಗಲು ಅವರಿಗೆ ಶಾಲೆಯೊಂದರಲ್ಲಿ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಕೆಲಸ, ಬಿಡುವಾದಾಗ ಮಾಡುತ್ತಾರೆ. ನನ್ನ ಎದುರಿಗೇ ತೆರೆಯಬೇಕು ಎಂದೆ. ಅದು ಹೇಗೆ ಸಾಧ್ಯ, ತಾನು ಯಾವಾಗ ಕುಳಿತುಕೊಳ್ಳುತ್ತೇನೋ ತನಗೇ ಗೊತ್ತಿಲ್ಲ ಎಂದರು. ಗಂಡ ನನ್ನ ಕಡೆ ನೋಡಿ ಸನ್ನೆ ಮಾಡಿದ. ಬೇರೆ ದಾರಿ ಇರಲಿಲ್ಲ. ಶನಿವಾರ ಮಧ್ಯಾಹ್ನ ಮೂರಕ್ಕೆ ಅವರು ಬಂದು ಒಯ್ಯುವುದೆಂದು ನಿಗದಿಯಾಯಿತು.

ಮೂರಕ್ಕೆ ಯಾಕೆಂದರೆ ನಮ್ಮ ಕಟ್ಟಡದಲ್ಲಿ ಒಂದರಿಂದ ಮೂರರವರೆಗೆ ಮಿಟಾಗ್ಸ್‌ರೂಹೆ, ಮಧ್ಯಾಹ್ನದ ಮೌನ. ಆ ಎರಡು ಗಂಟೆ ಮೊಳೆ ಹೊಡೆಯಬಾರದು, ವಾದ್ಯ ನುಡಿಸಬಾರದು. ಮೆಟ್ಟಿಲ ಬುಡದಲ್ಲಿ ನಿಯಮದ ಪಟ್ಟಿ ತೂಗುಹಾಕಿತ್ತು. ಶನಿವಾರ ಗಂಡ ಉಂಡು ಮಲಗಿದ. ಆ ನಿಶ್ಶಬ್ದದಲ್ಲಿ ನಾನು ಕೋಣೆಯ ಬಾಗಿಲು ಹಾಕಿಕೊಂಡು, ಅಪ್ಪ ಮಾಡುತ್ತಿದ್ದುದನ್ನು ನೆನಪಿಸಿಕೊಂಡು, ಜೀವನದಲ್ಲಿ ಮೊದಲ ಸಲ ಆ ಪೇಟಿಯ ಸ್ಕ್ರೂ ಬಿಚ್ಚಿದೆ. ಒಳಹಲಗೆ ಎತ್ತಿದಾಗ ರೀಡುಗಳು ಸಾಲಾಗಿ ಹೊಳೆದವು. ನನ್ನ ಲೆಕ್ಕ ಸರಳವಾಗಿತ್ತು. ಪ್ರತಿ ರೀಡಿಗೂ ಗುರುತು ಹಾಕುವುದಾಗದು, ನಡುವಿನ ಸಪ್ತಕದ ಹನ್ನೆರಡಕ್ಕಾದರೂ ಹಾಕುವುದು. ತಿರುಗಿ ಬಂದಾಗ ಗುರುತಿಲ್ಲದಿದ್ದರೆ ಕಳ್ಳ ಸಿಕ್ಕಿದ. ರೀಡಿನ ಚೌಕಟ್ಟಿಗೆ ಹಾಕಿದರೆ ಸಾಲದು, ಚೌಕಟ್ಟು ಉಳಿಸಿ ನಡುಗುವ ನಾಲಿಗೆಯನ್ನಷ್ಟೇ ಬದಲಿಸುವ ಚತುರರೂ ಇರುತ್ತಾರೆಂದು ಪಡಸಾಲೆಯಲ್ಲಿ ಕೇಳಿದ್ದೆ. ಹಾಗಾಗಿ ನಾಲಿಗೆಗೇ ಗುರುತು.

ಮೊದಲು ಗಾಂಧಾರವನ್ನೇ ತೆಗೆದುಕೊಂಡೆ. ಹೊಲಿಗೆಯ ಸೂಜಿಯಿಂದ ಬುಡದಲ್ಲಿ ಒಂದು ಗೀರು ಎಳೆದೆ. ಸೂಜಿ ಜಾರಿ, ಅಂದುಕೊಂಡದ್ದಕ್ಕಿಂತ ಉದ್ದಕ್ಕೆ, ಆಳಕ್ಕೆ ಹೋಯಿತು. ಸೂಜಿ ಸಾಕು ಎಂದು ಉಗುರಿಗೆ ಹಚ್ಚುವ ಕೆಂಪು ಬಣ್ಣದ ಶೀಶೆ ತಂದು, ಉಳಿದ ಹನ್ನೊಂದರ ತುದಿಗೆ ಒಂದೊಂದು ಚುಕ್ಕೆ ಇಟ್ಟೆ. ಒಣಗಿಸಿ, ಮುಚ್ಚಿ, ಸ್ಕ್ರೂ ಬಿಗಿದೆ. ಒಂದು ಸಲವಾದರೂ ನುಡಿಸಿ ನೋಡಬಹುದಿತ್ತು. ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ನಾನು ನಿಯಮ ಮೀರಲಿಲ್ಲ.

ಆ ವಾರ ನಾನು ಮನುಷ್ಯಳಾಗಿರಲಿಲ್ಲ. ಅಂಗಳದಲ್ಲಿ ಅವರು ಯಾವುದಾದರೂ ಪೊಟ್ಟಣ ಹಿಡಿದು ಹೊರಗೆ ಹೊರಟರೆ ನನ್ನ ಕಣ್ಣು ಪೊಟ್ಟಣದ ಮೇಲೆ. ಅಂಚೆಯವನು ಅವರಿಗೆ ಸಣ್ಣ ಡಬ್ಬಿ ಕೊಟ್ಟರೆ ಅದರಲ್ಲಿ ಅಗ್ಗದ ರೀಡು ಬಂದಿರಬೇಕು ಎಂಬ ಯೋಚನೆ. ಮುಂದಿನ ಶನಿವಾರ ಬ್ಯಾಂಡಿನವರದು ಊರಾಚೆ ಕೈತೋಟಗಳ ಸಂಘದ ಹಾಲಿನಲ್ಲಿ ಮಧ್ಯಾಹ್ನದ ಕುಣಿತ ಇತ್ತು. ನಮ್ಮನ್ನೂ ಕರೆದಿದ್ದರು. ಗಂಡ ಖುಷಿಯಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿದ. ನಾನು ಹೋದದ್ದು ಬೇರೆ ಕಾರಣಕ್ಕೆ. ಅಪ್ಪನ ರೀಡು ಆ ಅಕಾರ್ಡಿಯನ್ನಿನ ಹೊಟ್ಟೆಯೊಳಗೆ ಹೋಗಿದೆಯೇ ಎಂದು ನನ್ನ ಕಿವಿಯಿಂದ ತಿಳಿಯಬೇಕಿತ್ತು.

ಹಾಲಿನ ತುಂಬ ವಯಸ್ಸಾದ ಜೋಡಿಗಳು. ಕಾಫಿ ಕುಡಿದು, ಬಾಯಿ ಒರೆಸಿಕೊಂಡು, ಎದ್ದು ವೃತ್ತವಾಗಿ ಒಂದೇ ದಿಕ್ಕಿಗೆ ಸುತ್ತುತ್ತಿದ್ದರು. ಮೂರರ ನಡೆಯ ಹಾಡು ಒಂದು, ಎರಡರ ನಡೆಯದು ಇನ್ನೊಂದು. ಹೆಂಡತಿ ಬಿಟ್ಟುಹೋದ ಗೋಳು, ಅಮ್ಮ ಸತ್ತ ಗೋಳು, ಮನೆಯಿಲ್ಲದ ಗೋಳು. ಟೀಚರ್ ಪ್ರತಿ ಹಾಡಿನ ಮುಂಚೆ ಅರ್ಥ ಹೇಳುತ್ತಿದ್ದಳು, ಜನ ತಲೆಯಾಡಿಸಿ ನಗುನಗುತ್ತ ಕುಣಿಯುತ್ತಿದ್ದರು. ತಗಡಿನವನು ಎದೆಯನ್ನು ಚಮಚದಿಂದ ಕೆರೆಯುವ ರಭಸಕ್ಕೆ ಮೇಜಿನ ಮೇಲಿನ ಬಟ್ಟಲು ನಡುಗಿದವು. ಯಾರೋ ನನ್ನ ಗಂಡನ ಕೈಗೆ ಕಬ್ಬಿಣದ ತ್ರಿಕೋನ ಕೊಟ್ಟರು, ಲೂಯಿಸಿಯಾನದಲ್ಲಿ ಹುಲ್ಲು ಎಳೆಯುವ ಕುಂಟೆಯ ಹಲ್ಲು ಬಗ್ಗಿಸಿ ಮಾಡುತ್ತಿದ್ದರಂತೆ. ಮದುವೆಯಾದ ಏಳು ವರ್ಷದಲ್ಲಿ ನಾನು ಹಾಡುವಾಗ ಒಮ್ಮೆಯೂ ತಾಳ ಹಾಕದ ಮನುಷ್ಯ ಅಲ್ಲಿ ಹಲ್ಲು ಕಿರಿದು ಟಿಂಗು ಟಿಂಗು ಬಡಿಯುತ್ತಿದ್ದ.

ಅಕಾರ್ಡಿಯನ್ ಆ ದಿನ ಎಂದಿಗಿಂತ ಸಿಹಿಯಾಗಿತ್ತು. ಕಿಂಡಿಯಲ್ಲಿ ಕೇಳುವುದಕ್ಕೂ ಎದುರು ಕುಳಿತು ಕೇಳುವುದಕ್ಕೂ ವ್ಯತ್ಯಾಸವಿರುತ್ತದೆ ಎಂದು ಯೋಚಿಸುವ ಸ್ಥಿತಿ ನನ್ನದಲ್ಲ. ಗಾಂಧಾರ ಬಂದಾಗಲೆಲ್ಲ ಅದು ಅಪ್ಪನದೇ ಅನ್ನಿಸುತ್ತಿತ್ತು. ಹಾಡಿನ ನಡುವೆ ಮೀಸೆಯವರು ನನ್ನ ಕಡೆ ನೋಡಿ ತಲೆಬಾಗಿ ನಕ್ಕರು. ಕದ್ದ ವಸ್ತುವನ್ನು ಮಾಲೀಕಳ ಮುಂದೆಯೇ ನುಡಿಸುವ ಧೈರ್ಯ ನೋಡು ಎಂದು ನಾನು ಹಲ್ಲು ಕಡಿದೆ.

ಒಂದು ವಾರ ಎಂದದ್ದು ಐದು ದಿನ ಮೀರಿ, ಪೇಟಿ ತಿರುಗಿ ಬಂದದ್ದು ಮುಂದಿನ ಗುರುವಾರ ಐದು ಗಂಟೆಗೆ. ಅವರೇ ಹೊತ್ತು ತಂದು ಇಟ್ಟರು. ಬಿರುಕು ಎಲ್ಲಿತ್ತೆಂದು ತಿಳಿಯದಷ್ಟು ನಾಜೂಕಾದ ಕೆಲಸ, ಭಾತೆಯ ಅಂಚಿಗೆ ಹೊಸ ಚರ್ಮ. ನನ್ನ ಮುಖವನ್ನು ಒಂದು ಕ್ಷಣ ನೋಡಿ, ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೋದರು. ನಾನು ಕುಳಿತು ನುಡಿಸಿದೆ. ಗಾಳಿ ಒಂದು ಚೂರೂ ಸೋರಲಿಲ್ಲ. ಆದರೆ ನಡುವಿನ ಸಪ್ತಕ ಅಪ್ಪನದಲ್ಲ. ಒಂದು ಸ್ವರ ಇಷ್ಟು ಇಳಿದಿದೆ, ಇನ್ನೊಂದು ಅಷ್ಟು ಇಳಿದಿದೆ, ಒಂದಕ್ಕೊಂದು ಹೊಂದದೆ ದನಿ ಅಲೆಯುತ್ತಿದೆ. ಗಾಂಧಾರ ನೆಲ ಕಚ್ಚಿದೆ.

ತೆರೆದು ಚುಕ್ಕೆ ನೋಡೋಣವೆಂದರೆ ಅವರ ಕೈ ಬಿಗಿದ ಸ್ಕ್ರೂ ನನ್ನ ಕೈಗೆ ತಿರುಗಲಿಲ್ಲ. ಮುಚ್ಚಿಡುವಂಥದ್ದು ಇಲ್ಲದಿದ್ದರೆ ಇಷ್ಟು ಬಿಗಿ ಯಾಕೆ? ಗಂಡ ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಪೇಟಿಯನ್ನು ಎದೆಗವಚಿಕೊಂಡು ಮೂರು ಅಂತಸ್ತು ಇಳಿದು, ಕೆಲ್ಲರಿನ ಬಾಗಿಲನ್ನು ಕಾಲಿನಿಂದ ಒದ್ದೆ. ಬ್ಯಾಂಡು ನುಡಿಸುತ್ತಿದ್ದುದು ನಿಂತಿತು.

"ಕಳ್ಳತನ ಮಾಡೀರಿ ನೀವು," ಎಂದೆ. ಜರ್ಮನ್, ಇಂಗ್ಲಿಷ್ ಎರಡೂ ಮರೆತುಹೋಗಿ ಅಪ್ಪಟ ಹುಬ್ಬಳ್ಳಿಯ ಮಾತು ಹೊರಗೆ ಬಂತು. "ನಮ್ಮಪ್ಪನ ರೀಡ್ ಎಲ್ಲಿ? ತೆಗೀರಿ ಇದನ್ನ. ನನ್ನ ಮುಂದ ತೆಗೀರಿ!"

ಅರ್ಥವಾಗಲು ಅನುವಾದ ಬೇಕಿರಲಿಲ್ಲ. ತಗಡಿನವನು ಚಮಚ ಕೆಳಗಿಟ್ಟು ತನ್ನ ಕುರ್ಚಿಯನ್ನು ನನಗೆ ಸರಿಸಿದ. ಮೀಸೆಯವರು ಅಕಾರ್ಡಿಯನ್ನಿನ ಪಟ್ಟಿ ಕಳಚಿ, ಪೇಟಿಯನ್ನು ಮೇಜಿನ ಮೇಲಿಟ್ಟು, ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟರು. ಒಳಹಲಗೆ ಎತ್ತಿ ನನ್ನ ಕಡೆಗೆ ತಿರುಗಿಸಿ ದೀಪ ಹತ್ತಿರ ತಂದರು.

ಚುಕ್ಕೆಗಳು ಇದ್ದವು. ಎಣಿಸಿದೆ. ಹನ್ನೊಂದು. ಗಾಂಧಾರದ ಬುಡದಲ್ಲಿ ಗೀರೂ ಇತ್ತು.

ಅವರು ನಿಧಾನವಾಗಿ, ನನ್ನನ್ನು ನೋಡದೆ, ಮಾತಾಡಿದರು. ಟೀಚರ್ ಈ ಸಲ ಅವರು ಹೇಳಿದಂತೆಯೇ ದಾಟಿಸಿದಳು, ಒಂದು ವಾಕ್ಯವನ್ನೂ ಬಿಡಲಿಲ್ಲ. ಹೇಳುವಾಗ ಆಕೆಯ ಮುಖ ಕೆಂಪಾಗಿತ್ತು.

"ತೆರೆದ ತಕ್ಷಣ ಉಗುರು ಬಣ್ಣದ ವಾಸನೆ ಬಂತು. ಗುರುತು ಎಂದು ಗೊತ್ತಾಯಿತು. ನಾನು ಬೆಳೆದ ಪೂರ್ವ ಜರ್ಮನಿಯ ಕಾಲದಲ್ಲಿ ನಮ್ಮ ಮನೆಯಲ್ಲೂ ಗುರುತು ಹಾಕುತ್ತಿದ್ದರು. ಕೆಲಸಕ್ಕೆ ಹೋಗುವ ಮುಂಚೆ ನನ್ನ ತಂದೆ ಮೇಜಿನ ಖಾನೆಗೆ ಅಡ್ಡಲಾಗಿ ಒಂದು ಕೂದಲು ಅಂಟಿಸುತ್ತಿದ್ದರು. ನಾವಿಲ್ಲದಾಗ ಸರ್ಕಾರದ ಗುಪ್ತ ಪೊಲೀಸರು ಬಂದು ಹುಡುಕಿದ್ದಾರೆಯೇ ತಿಳಿಯಲಿ ಎಂದು. ಆಗ ಪಕ್ಕದ ಮನೆಯವರನ್ನೂ ನಂಬುವಂತಿರಲಿಲ್ಲ." ಅವರು ಕೆಂಪು ಚುಕ್ಕೆಯೊಂದನ್ನು ಬೆರಳಿನಿಂದ ತೋರಿಸಿದರು. "ರೀಡಿನ ತುದಿಗೆ ಭಾರ ಬಿದ್ದರೆ ಸ್ವರ ಇಳಿಯುತ್ತದೆ. ಒರೆಸಿದರೆ ಅರ್ಧ ಗಂಟೆಯ ಕೆಲಸ. ಆದರೆ ಒರೆಸಿದ್ದರೆ ರೀಡು ಬದಲಿಸಿದೆ ಎಂದು ನೀವು ತಿಳಿಯುತ್ತಿದ್ದಿರಿ. ನೀವು ಎಣಿಸಿಕೊಳ್ಳಲಿ ಎಂದು ಹಾಗೆಯೇ ಬಿಟ್ಟೆ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಪ್ಪನ ಶ್ರುತಿಯನ್ನು ಕೆಡಿಸಿದವಳು ನಾನೇ, ಅದೂ ಅದನ್ನು ಕಾಯಲು ಹೋಗಿ. ಆ ಮನುಷ್ಯ ಅದನ್ನು ತಿಳಿದೂ, ತನ್ನ ಕೈಯಿಂದ ಕೆಟ್ಟ ಪೇಟಿ ಹೋಯಿತು ಎಂಬ ಹೆಸರು ಹೊತ್ತು, ತಮ್ಮ ಮನೆಗಿಂತ ಎರಡು ಅಂತಸ್ತು ಮೇಲೆ ಕುಳಿತ ಒಬ್ಬ ಸಂಶಯದ ಹೆಂಗಸಿಗಾಗಿ ಚುಕ್ಕೆಗಳನ್ನು ಉಳಿಸಿಟ್ಟಿದ್ದರು. ಕ್ಷಮಿಸಿ ಎಂಬುದಕ್ಕೆ ಜರ್ಮನ್ ಕ್ಲಾಸಿನಲ್ಲಿ ಮೂರು ಪದ ಕಲಿಸಿದ್ದರು. ಮೂರನ್ನೂ ಹೇಳಿದೆ.

ಅವರು ಹತ್ತಿಯ ಕಡ್ಡಿ ಮತ್ತು ಬಣ್ಣ ತೆಗೆಯುವ ದ್ರವ ತಂದು ನನ್ನ ಕೈಗೇ ಕೊಟ್ಟರು. ನಾಲಿಗೆಯ ಕೆಳಗೆ ತೆಳುವಾದ ತಗಡು ಕೊಟ್ಟು ಹಿಡಿಯುವುದು ಹೇಗೆಂದು ತೋರಿಸಿದರು. ಹನ್ನೊಂದು ಚುಕ್ಕೆಗಳನ್ನೂ ನಾನೇ ಒರೆಸಿದೆ. ಬ್ಯಾಂಡಿನವರು ಅಭ್ಯಾಸ ಬಿಟ್ಟು ಸುತ್ತ ನಿಂತಿದ್ದರು. ಒಂದೊಂದು ಸ್ವರವೂ ಮೇಲೆದ್ದು ತನ್ನ ಜಾಗಕ್ಕೆ ಬಂದು ಕುಳಿತಿತು.

ಗಾಂಧಾರ ಬರಲಿಲ್ಲ. ಗೀರನ್ನು ಒರೆಸಲು ಆಗುವುದಿಲ್ಲ. ಬುಡದಲ್ಲಿ ಲೋಹ ಹೋದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಅಷ್ಟೇ ಉಜ್ಜಿದರೆ ಏರುತ್ತದೆ ಎಂದು ಅವರು ವಿವರಿಸಿದರು. ಎಲ್ಲಿಯವರೆಗೆ ಏರಿಸಬೇಕು? "ನಿಮ್ಮ ಮನೆಯಲ್ಲಿ ನಾನು ಕೇಳಿದ್ದು ಒಂದು ನಿಮಿಷ," ಎಂದರಂತೆ. "ಜೀವನವಿಡೀ ಕೇಳಿದವರು ನೀವು. ನೀವು ಹೇಳಿದಲ್ಲಿ ನಿಲ್ಲಿಸುತ್ತೇನೆ."

ಅವರು ಅರ ಹಿಡಿದರು. ನಾಲ್ಕು ಸಲ ಉಜ್ಜಿ ಹಲಗೆ ಕೂಡಿಸಿ ಸ್ವರ ಕೇಳಿಸಿದರು. ನಾನು ಇನ್ನೂ ಎಂದೆ. ಎರಡು ಸಲ. ಇನ್ನೂ. ಒಂದು ಸಲ, ಉಜ್ಜಿದ್ದು ಕಾಣದಷ್ಟು ಹಗುರಾಗಿ. ನಾನು ಕಣ್ಣು ಮುಚ್ಚಿ ಅಪ್ಪನ ಪಡಸಾಲೆಯನ್ನು ನೆನೆದೆ, ಅವರ ನಡುಗುವ ಕೈಯನ್ನು ನೆನೆದೆ. "ಸಾಕು," ಎಂದೆ. ಕನ್ನಡದಲ್ಲೇ ಹೇಳಿದ್ದರೂ ಅವರು ಅರ ಕೆಳಗಿಟ್ಟರು.

ಆಮೇಲೆ ಸುಮ್ಮನೆ, ಯಾವ ಉದ್ದೇಶವೂ ಇಲ್ಲದೆ, ತಮ್ಮ ಅಕಾರ್ಡಿಯನ್ ಎತ್ತಿಕೊಂಡು ಅದೇ ಸ್ವರ ನುಡಿಸಿದರು. ಎರಡೂ ಒಂದಕ್ಕೊಂದು ಅಂಟಿಕೊಂಡವು, ನಡುವೆ ಒಂದು ಅಲೆಯೂ ಏಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೊದಲು ಅಪ್ಪನ ಗಾಂಧಾರ ಇದಕ್ಕೆ ಇಷ್ಟು ಸರಿಯಾಗಿ ಕೂಡುತ್ತಿತ್ತೇ, ಅಥವಾ ಆರು ತಿಂಗಳು ಗುರುವಾರ ತಪ್ಪದೆ ಕಿಂಡಿಯಲ್ಲಿ ಕೇಳಿ ಕೇಳಿ ನನ್ನ ಕಿವಿಯೇ ಇದಕ್ಕೆ ಒಗ್ಗಿಹೋಗಿತ್ತೇ? ಅಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ ಇದ್ದೆ, ಮತ್ತು ನನಗೆ ಗೊತ್ತಿರಲಿಲ್ಲ. ಅಪ್ಪನನ್ನು ಕೇಳುವಂತಿಲ್ಲ.